ಬೆನ್ನು ತಿರುಗಿಸಿದ ಸಿಂಹ: ಜರ್ಮನ್ ಹೆರಾಲ್ಡ್ ಪ್ರಿಂಟ್‌ಗಳ ಜೊತೆ ಮೂರು ವರ್ಷ

ಮ್ಯೂನಿಕ್‌ನಲ್ಲಿ ನಮ್ಮದು ಸಣ್ಣ ಬಾಡಿಗೆ ಮನೆ. ಬಾಗಿಲು ತೆಗೆದ ಕೂಡಲೇ ಸಿಗುವ ಓಣಿಯಂಥ ಜಾಗದಲ್ಲಿ ಮೂರು ಪ್ರಿಂಟ್ ನೇತು ಹಾಕಿ ಮೂರು ವರ್ಷ ಆಯಿತು. ಮೂರೂ ಹಳೇ ಕಾಲದ ಜರ್ಮನ್ ಹೆರಾಲ್ಡ್‌ಗಳದ್ದು. ಹೆರಾಲ್ಡ್ ಅಂದ್ರೆ ಬರೀ ಬಹುಪರಾಕ್ ಹೇಳುವವನಲ್ಲ. ರಾಜನ ಮಾತು ಹೊತ್ತು ಊರೂರು ಹೋಗುವವನೂ ಅವನೇ, ಯುದ್ಧ ಸಾರುವವನೂ ಅವನೇ. ಕಾಳಗದ ಪಂದ್ಯದಲ್ಲಿ ಮುಖ ಮುಚ್ಚಿದ ಸವಾರ ಯಾರು ಅಂತ ಗುರಾಣಿ ನೋಡಿ ಹೇಳುವವನೂ ಅವನೇ. ಒಡೆಯನ ಲಾಂಛನವನ್ನೇ ಅಂಗಿ ಮಾಡಿ ತೊಡುತ್ತಿದ್ದ. ಆ ಅಂಗಿಗೆ ಇಲ್ಲಿ ಟಾಪರ್ಟ್ ಅಂತಾರೆ. ನಾನು ದುಡ್ಡು ಕೊಟ್ಟಿದ್ದೇ ಆ ಅಂಗಿಗಾಗಿ.

ಅಳತೆ, ಕಾಗದದ ತೂಕ ಎಲ್ಲ ಮಾರುವವರ ಪುಟದಲ್ಲೇ ಇರುತ್ತೆ, ನೋಡ್ಕೊಳ್ಳಿ. ಮೂರಕ್ಕೂ ಸೇರಿ 96 ಯೂರೋ ಆಯಿತು. ಫ್ರೇಮಿಗೆ ಅದಕ್ಕಿಂತ ಜಾಸ್ತಿ! ಹೊಳೆಯದ ಗಾಜು ಹಾಕಿಸಿದ್ದು ನನ್ನದೇ ದುಂದು.

ಮೊದಲನೆಯದು ಕಾಸ್ಪರ್ ಸ್ಟುರ್ಮ್. 1520ರಲ್ಲಿ ಜರ್ಮನಿಯ ಆಖೆನ್ ಊರಿನಲ್ಲಿ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್ ಬೆಳ್ಳಿ ಮೊನೆಯಿಂದ ಗೀಚಿದ ಚಿತ್ರ. ಮೂಲ ಈಗ ಫ್ರಾನ್ಸಿನ ಶಾಂಟಿಯಿಯ ಕೊಂಡೆ ಮ್ಯೂಸಿಯಂನಲ್ಲಿದೆ. ಸ್ಟುರ್ಮ್‌ಗೆ 45 ವರ್ಷ ಅಂತ ಡ್ಯೂರರ್ ಅದರ ಮೇಲೇ ಬರೆದಿಟ್ಟಿದ್ದಾನೆ. ಮುಂದಿನ ವರ್ಷ, 1521ರ ಏಪ್ರಿಲ್‌ನಲ್ಲಿ, ಚರ್ಚ್ ಸುಧಾರಕ ಮಾರ್ಟಿನ್ ಲೂಥರ್‌ನನ್ನು ಚಕ್ರವರ್ತಿಯ ಮುಂದೆ ವಿಚಾರಣೆಗೆ ವಿಟೆನ್‌ಬರ್ಗ್ ಊರಿನಿಂದ ವೋರ್ಮ್ಸ್ ಊರಿಗೆ ಕ್ಷೇಮವಾಗಿ ಕರೆದುಕೊಂಡು ಬಂದವನು ಇದೇ ಮನುಷ್ಯ. ಪವಿತ್ರ ರೋಮನ್ ಚಕ್ರವರ್ತಿಯ ಹದ್ದಿನ ಲಾಂಛನವನ್ನು ಮೈಮೇಲೆ ಹಾಕಿಕೊಂಡು ಲೂಥರ್‌ನ ಗಾಡಿಯ ಮುಂದೆ ಕುದುರೆ ಮೇಲೆ ಹೋದ. ತಮಾಷೆ ಅಂದ್ರೆ ಡ್ಯೂರರ್‌ನ ಚಿತ್ರದಲ್ಲಿ ಆ ಅಂಗಿಯೇ ಇಲ್ಲ. ಅವನದ್ದು ಕಾಣೋದು ಮುಖ, ತಲೆಗೆ ಟೋಪಿ. ಪೊಟ್ಟಣ ಬಿಚ್ಚಿದ ದಿನ ಸ್ವಲ್ಪ ಪೆಚ್ಚಾಗಿದ್ದೆ. ಈಗ ಮೂರರಲ್ಲಿ ಇವನೇ ನನಗೆ ಹತ್ತಿರದವನು. ಬೂದು ಗೆರೆಗಳು ಎಷ್ಟು ತೆಳು ಅಂದ್ರೆ, ಸಂಜೆ ದೀಪ ಹಾಕಿದಾಗ ಕಾಗದದೊಳಗಿಂದ ಮೆಲ್ಲಗೆ ಮೇಲೆ ಬಂದ ಹಾಗಿರುತ್ತೆ.

ಎರಡನೆಯದು ಹಳದಿ ಅಂಗಿಯ ಮೇಲೆ ಎರಡು ತಲೆಯ ಕರಿ ಹದ್ದು ಇರುವ ಚಕ್ರವರ್ತಿಯ ಹೆರಾಲ್ಡ್. ಮೈಸೂರಿನಿಂದ ಬಂದಿದ್ದ ನಮ್ಮ ಅತ್ತೆ ಚಪ್ಪಲಿ ಬಿಡುತ್ತಲೇ "ಇದೇನಪ್ಪಾ, ನಮ್ಮ ಗಂಡಭೇರುಂಡ ಇಲ್ಲಿಗೂ ಬಂದಿದೆ!" ಅಂದರು. ಇಲ್ಲಿ ಚಕ್ರವರ್ತಿಯ ಹದ್ದಿಗೆ ಎರಡು ತಲೆ ಖಾಯಂ ಆಗಿದ್ದು 1433ರಲ್ಲಿ, ಚಕ್ರವರ್ತಿ ಸಿಗಿಸ್ಮುಂಡ್ ಕಾಲದಲ್ಲಿ ಅಂದೆ. "ಹಾಗಾದ್ರೆ ನಮ್ಮದೇ ಹಳೇದು" ಅಂತ ಅಲ್ಲಿಗೆ ಮುಗಿಸಿದರು. ಬಳ್ಳಿಗಾವಿಯ ಗಂಡಭೇರುಂಡ ಕಂಬ 11ನೇ ಶತಮಾನದ್ದು, ವಾದ ಮಾಡೋಕೆ ನನ್ನ ಹತ್ತಿರ ಏನಿತ್ತು?

ಗೋಳು ಇರೋದು ಮೂರನೆಯದರಲ್ಲಿ. ಅದು 19ನೇ ಶತಮಾನದ ವೇಷಭೂಷಣದ ಹಾಳೆಯೊಂದರ ನಕಲು. ಎದೆಯ ಮೇಲೆ ಕಪ್ಪು ಬಟ್ಟೆ, ಅದರಲ್ಲಿ ರೈನ್ ನದಿ ತೀರದ ಹಳೇ ಸಂಸ್ಥಾನ ಫಾಲ್ಟ್ಸ್ ನಾಡಿನ ಚಿನ್ನದ ಸಿಂಹ. ಒಂದೂವರೆ ವರ್ಷ ಸುಮ್ನೆ ನೋಡ್ಕೊಂಡು ಖುಷಿಯಾಗಿದ್ದೆ. ಒಂದು ದಿನ ತೆರಿಗೆ ಕಚೇರಿಗೆ ಹೋದಾಗ ಬಾಗಿಲ ಪಕ್ಕದ ನಮ್ಮ ಬವೇರಿಯಾ ರಾಜ್ಯದ ಲಾಂಛನದ ಮೇಲೆ ಕಣ್ಣು ಬಿತ್ತು. ಅಲ್ಲೂ ಅದೇ ಸಿಂಹ, ಮುಖ ನಮ್ಮ ಎಡಕ್ಕೆ. ನಮ್ಮನೇದು ಬಲಕ್ಕೆ ನೋಡ್ತಾ ಇತ್ತಲ್ವಾ ಅಂತ ದಾರಿಯುದ್ದಕ್ಕೂ ತಲೆ ಕೊರೆಯಿತು.

ಗುರಾಣಿ ಹಿಡಿಯೋದು ಎಡಗೈಯಲ್ಲಿ. ಅದರ ಮೇಲಿನ ಪ್ರಾಣಿ ನೋಡುವವರ ಎಡಕ್ಕೆ ಮುಖ ಮಾಡಿದ್ದರೆ ಮಾತ್ರ ಶತ್ರುವಿನ ಕಡೆ ನೋಡ್ತಾ ಮುಂದೆ ಹೋಗುತ್ತೆ. ಬಲಕ್ಕೆ ತಿರುಗಿದರೆ ರಣರಂಗ ಬಿಟ್ಟು ಓಡುವ ಸಿಂಹ! ಗಂಡ ಹೆಂಡತಿಯ ಗುರಾಣಿಗಳನ್ನು ಪಕ್ಕಪಕ್ಕ ಬರೆಯುವಾಗ ಗಂಡನ ಪ್ರಾಣಿ ಹೆಂಡತಿಗೆ ಬೆನ್ನು ತೋರಿಸಬಾರದು ಅಂತ ಮರ್ಯಾದೆಗೆ ತಿರುಗಿಸುವುದುಂಟು. ಇದೂ ಹಾಗೇ ಇರಬಹುದು ಅಂತ ಸಮಾಧಾನ ಮಾಡ್ಕೊಂಡೆ. ಆದರೆ ನಮ್ಮ ಹೆರಾಲ್ಡ್ ಪಕ್ಕ ಯಾರೂ ಇಲ್ಲ. ಅವನು ಹಿಡಿದ ಹೆರಾಲ್ಡ್ ಕೋಲು ಬೇರೆ ಎಡಗೈಯಲ್ಲಿ.

ಕೊನೆಗೆ ಫ್ರೇಮ್ ಬಿಚ್ಚಿದೆ. ಸುತ್ತಲಿನ ದಪ್ಪ ರಟ್ಟಿನ ಕೆಳಗೆ, ಹಾಳೆಯ ಅಂಚಿನಲ್ಲಿ ಚಿತ್ರಕಾರನ ಸಹಿಯ ಚೂರು ಸಿಕ್ಕಿತು. ಅರ್ಧ ಕತ್ತರಿಸಿಹೋದ ಎರಡು ಅಕ್ಷರ, ಎರಡೂ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ. ಸ್ಕ್ಯಾನ್ ತಿರುಗಿಸಿ ಅಚ್ಚು ಹಾಕಿ, ಸಹಿ ಕತ್ತರಿಸಿ ಕಳಿಸಿದ್ದಾರೆ. ಅಂಗಡಿಗೆ ಫೋಟೋ ಸಮೇತ ಬರೆದೆ. ವಾಪಸ್ ಮಾಡೋಕೆ ಇದ್ದದ್ದು 14 ದಿನ, ಆದ್ರೂ ಮುಂದಿನ ಖರೀದಿಗೆ 10 ಯೂರೋ ಬಿಡ್ತೀವಿ ಅಂದರು. ಲಾಂಛನದ ಚಿತ್ರ ಮಾರುವವರಿಗೆ ಎಡಬಲ ಗೊತ್ತಿಲ್ಲ ಅಂದ್ರೆ ಏನು ಹೇಳೋದು! ಬಳೆ ಅಂಗಡಿಯವನಿಗೆ ಕೈ ಅಳತೆ ತಿಳಿಯದ ಹಾಗಾಯ್ತು.

ಬಿಸಾಡೋಕೆ ಮನಸ್ಸಾಗಲಿಲ್ಲ. ಬಣ್ಣ ಮಾತ್ರ ಒಂಚೂರೂ ಮಾಸಿಲ್ಲ, ಕಪ್ಪು ಇನ್ನೂ ಕಾಡಿಗೆಯ ಹಾಗಿದೆ. ಆಮೇಲೆ ಅದನ್ನು ಎದುರು ಗೋಡೆಗೆ ಹಾಕಿದೆ, ಬಾಗಿಲ ಹತ್ತಿರದ ಕನ್ನಡಿಗೆ ನೇರವಾಗಿ. ಈಗ ಬೆಳಿಗ್ಗೆ ಕಾಫಿ ಲೋಟ ಶೂ ಸ್ಟ್ಯಾಂಡ್ ಮೇಲಿಟ್ಟು, ಕನ್ನಡಿ ನೋಡಿ ಮಫ್ಲರ್ ಸುತ್ತಿಕೊಳ್ಳುವಾಗ, ನನ್ನ ಭುಜದ ಹಿಂದೆ ಸಿಂಹ ಸರಿಯಾಗಿ ಎಡಕ್ಕೆ ನೋಡ್ತಾ ನಿಂತಿರುತ್ತೆ. ಕೋಲೂ ಬಲಗೈಗೆ ಬಂದಿರುತ್ತೆ. ಆ ಅರ್ಧ ನಿಮಿಷಕ್ಕೋಸ್ಕರ ಐದು ನಿಮಿಷ ಮುಂಚೆ ಏಳ್ತೀನಿ ಅಂದ್ರೆ ನನ್ನವಳು ನಗ್ತಾಳೆ.

ತಗೊಳ್ಳೋದಾದ್ರೆ ಡ್ಯೂರರ್ ಒಂದೇ ತಗೊಳ್ಳಿ. ಬಣ್ಣದ್ದೇ ಬೇಕು ಅಂದ್ರೆ ಸಹಿ ಪೂರ್ತಿ ಕಾಣುವ ಫೋಟೋ ಕಳಿಸಿ ಅಂತ ಮೊದಲೇ ಕೇಳಿ. ಮುಂದಿನ ತಿಂಗಳು ನಾವು ಮನೆ ಬದಲಾಯಿಸ್ತಾ ಇದ್ದೀವಿ. ಹೊಸ ಮನೆ ನೋಡೋಕೆ ಹೋದಾಗ ಇವಳು ಅಡುಗೆಮನೆ ಅಳೆದಳು, ನಾನು ಕನ್ನಡಿ ಎಲ್ಲಿ ಹಾಕಬಹುದು ಅಂತ ಗೋಡೆ ತಟ್ಟಿ ನೋಡಿದೆ.