ಅಮೆರಿಕದ ಸ್ಟೂಡೆಂಟ್ ಡೆಂಟಲ್ ಇನ್ಶೂರೆನ್ಸ್: ಕ್ಲೀನಿಂಗ್‌ಗೆ ಒಳ್ಳೆಯದು, ಕ್ಯಾಪ್‌ಗೆ ಮೊದಲೇ ಲೆಕ್ಕ ಕೇಳಿ

ಅಮೆರಿಕದಲ್ಲಿ ಓದುವ ವಿದೇಶಿ ವಿದ್ಯಾರ್ಥಿಗಳು ಪ್ರತ್ಯೇಕವಾಗಿ ಹಣ ಕಟ್ಟಿ ಪಡೆಯುವ ಪಿಪಿಒ ಮಾದರಿಯ (ವಿಮೆಯವರೊಂದಿಗೆ ದರ ಒಪ್ಪಂದವಿರುವ ಡಾಕ್ಟರ ಪಟ್ಟಿ, ಅಂದರೆ ನೆಟ್‌ವರ್ಕ್, ಇದ್ದು ಹೊರಗಿನವರ ಬಳಿಯೂ ಹೋಗಬಹುದಾದ) ದಂತ ವಿಮೆಯನ್ನು ವರ್ಷ ವರ್ಷ ನವೀಕರಿಸಿ ಬಳಸಿದ ಮೇಲಿನ ಅಭಿಪ್ರಾಯ ಇದು. ಕ್ಯಾಂಪಸ್ಸಿನ ಆರೋಗ್ಯ ವಿಮೆಯಲ್ಲಿ ದೊಡ್ಡವರ ಹಲ್ಲಿನ ಚಿಕಿತ್ಸೆ ಸಾಮಾನ್ಯವಾಗಿ ಸೇರಿರುವುದಿಲ್ಲ. ಬಿದ್ದು ಹಲ್ಲು ಮುರಿದರೆ ಮಾತ್ರ ಮೊದಲು ಆ ಪಾಲಿಸಿಯನ್ನೇ ತೆಗೆದು ನೋಡಿ. ಅಪಘಾತದ ಗಾಯ ಎಷ್ಟೋ ಸಲ ಅದರಲ್ಲೇ ಬರುತ್ತದೆ.

ತಪಾಸಣೆ, ಎಕ್ಸ್‌ರೇ, ಕ್ಲೀನಿಂಗ್‌ಗೆ ಈ ವಿಮೆ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಸಾಮಾನ್ಯ ಲೆಕ್ಕ 100-80-50: ಕ್ಲೀನಿಂಗ್ ಪೂರ್ತಿ, ಫಿಲ್ಲಿಂಗ್‌ಗೆ ಶೇ. 80, ಕ್ಯಾಪ್‌ಗೆ (ಹಲ್ಲಿನ ಮೇಲೆ ಕೂರಿಸುವ ಕವಚ, ಕ್ರೌನ್) ಶೇ. 50. ರೂಟ್ ಕೆನಾಲ್ ಒಂದು ಪಾಲಿಸಿಯಲ್ಲಿ 80ರ ಸಾಲಿನಲ್ಲಿದ್ದರೆ ಇನ್ನೊಂದರಲ್ಲಿ 50ರಲ್ಲಿರುತ್ತದೆ. ದೊಡ್ಡ ಕೆಲಸಗಳಿಗೆ 6 ಅಥವಾ 12 ತಿಂಗಳು ಕಾಯಬೇಕೆಂಬ ಷರತ್ತೂ ಇರಬಹುದು. ಎರಡು ವರ್ಷದ ಕೋರ್ಸಿನವರಿಗೆ ಇದು ಸಣ್ಣ ವಿಷಯವಲ್ಲ.

ಬಿಲ್ ಏರುವುದು ಆ ಶೇಕಡಾವಾರು ಯಾವ ಮೊತ್ತದ ಮೇಲೆ ಅನ್ನುವಲ್ಲಿ. ಕ್ಯಾಪ್ ಒಂದಕ್ಕೆ ಡಾಕ್ಟರ ದರ 1,400 ಡಾಲರ್, ವಿಮೆ ಒಪ್ಪುವ ದರ 1,000, ಡಿಡಕ್ಟಿಬಲ್ (ವಿಮೆ ಕೊಡಲು ಶುರುಮಾಡುವ ಮುಂಚೆ ನೀವು ಕಟ್ಟಬೇಕಾದ ಮೊತ್ತ) 50 ಎಂದುಕೊಳ್ಳಿ. ಉಳಿದ 950ರ ಅರ್ಧ, ಅಂದರೆ 475 ಡಾಲರ್, ವಿಮೆಯದು. ನೆಟ್‌ವರ್ಕಿನ ಡಾಕ್ಟರಾದರೆ ನಿಮ್ಮ ಪಾಲು 525. ಹೊರಗಿನವರಾದರೆ ಬಿಟ್ಟುಹೋದ 400 ಕೂಡ ನಿಮ್ಮ ತಲೆಗೇ ಬಂದು 925 ಆಗುತ್ತದೆ. ವಾರ್ಷಿಕ ಮಿತಿಯಲ್ಲಿ (ವಿಮೆ ಒಂದು ವರ್ಷಕ್ಕೆ ಕೊಡುವ ಗರಿಷ್ಠ ಮೊತ್ತ) 300 ಡಾಲರಷ್ಟೇ ಉಳಿದಿದ್ದರೆ ನೆಟ್‌ವರ್ಕಿನೊಳಗೂ 700 ಕಟ್ಟಬೇಕು. 'ನಿಮ್ಮ ಇನ್ಶೂರೆನ್ಸ್ ತಗೋತೀವಿ' ಎಂದು ರಿಸೆಪ್ಷನ್‌ನಲ್ಲಿ ಹೇಳಿದರೆ ಕ್ಲೇಮ್ ಕಳಿಸುತ್ತೇವೆ ಎಂದಷ್ಟೇ ಅರ್ಥವಿರಬಹುದು. 'ಈ ವಿಳಾಸದಲ್ಲಿ ಈ ಡಾಕ್ಟರು ನನ್ನ ಪ್ಲಾನಿನ ನೆಟ್‌ವರ್ಕಿನಲ್ಲಿದ್ದಾರಾ?' ಎಂದು ವಿಮೆಯವರನ್ನೇ ಕೇಳಿ.

ಹೊಸಬರು ಹೆಚ್ಚಾಗಿ ಸಿಕ್ಕಿಬೀಳುವುದು ಡೀಪ್ ಕ್ಲೀನಿಂಗ್‌ನಲ್ಲಿ. ಸಾಮಾನ್ಯ ಕ್ಲೀನಿಂಗ್‌ನ ಕೋಡ್ ಡಿ1110. ಒಸಡಿನ ಕೆಳಗಿನ ಸ್ಕೇಲಿಂಗ್‌ಗೆ ಡಿ4341. ಬಾಯಿಯ ನಾಲ್ಕು ಭಾಗಗಳಲ್ಲಿ ಪ್ರತಿಯೊಂದಕ್ಕೂ ಇದರ ದರ ಪ್ರತ್ಯೇಕವಾಗಿ ಬೀಳುತ್ತದೆ, ಉಚಿತದ ಸಾಲಿನಲ್ಲೂ ಬರುವುದಿಲ್ಲ. ಒಪ್ಪುವ ಮುಂಚೆ ಹಲ್ಲು-ಒಸಡಿನ ನಡುವಿನ ಸಂದಿನ ಆಳದ ಚಾರ್ಟ್ ಮತ್ತು ಎಕ್ಸ್‌ರೇ ಪ್ರತಿ ಪಡೆಯಿರಿ. ವಿಮೆಯವರೂ ನೋಡುವುದು ಅದನ್ನೇ: 4 ಮಿ.ಮೀ. ಅಥವಾ ಹೆಚ್ಚಿನ ಆಳ, ಮೂಳೆ ಸವೆತ. ಚಾರ್ಟ್‌ನಲ್ಲಿ ಎಲ್ಲೆಡೆ 2, 3 ಅಂತಿದ್ದರೆ ಬೇರೊಬ್ಬ ಡಾಕ್ಟರ ಅಭಿಪ್ರಾಯ ಕೇಳದೆ ಸಹಿ ಹಾಕಬೇಡಿ. ನೋವು, ಊತ ಇಲ್ಲದಿದ್ದರೆ ಒಂದು ವಾರ ತಡವಾದರೆ ಸಾಮಾನ್ಯವಾಗಿ ತೊಂದರೆಯಿಲ್ಲ.

ಇನ್ನೆರಡು ಸಣ್ಣ ಷರತ್ತುಗಳು. ಕ್ಲೀನಿಂಗ್ ವಿಷಯದಲ್ಲಿ 'ವರ್ಷಕ್ಕೆ ಎರಡು' ಬೇರೆ, 'ಆರು ತಿಂಗಳಿಗೊಮ್ಮೆ' ಬೇರೆ. ಎರಡನೆಯದರಲ್ಲಿ ಒಂದು ದಿನ ಮುಂಚೆ ಹೋದರೂ ಕ್ಲೇಮ್ ತಿರಸ್ಕಾರ. ದವಡೆ ಹಲ್ಲಿಗೆ ಬಿಳಿ ಫಿಲ್ಲಿಂಗ್ ಹಾಕಿಸಿದರೆ ಕೆಲವು ಪಾಲಿಸಿಗಳು ಬೆಳ್ಳಿ ಬಣ್ಣದ ಫಿಲ್ಲಿಂಗ್‌ನ ದರವನ್ನಷ್ಟೇ ಲೆಕ್ಕ ಹಿಡಿಯುತ್ತವೆ.

ಕ್ಯಾಪ್, ರೂಟ್ ಕೆನಾಲ್, ಡೀಪ್ ಕ್ಲೀನಿಂಗ್ ಯಾವುದೇ ಇರಲಿ, ಪ್ರೀಡಿಟರ್ಮಿನೇಷನ್ (ಚಿಕಿತ್ಸೆಗೆ ಮುಂಚೆಯೇ ವಿಮೆಯವರಿಂದ ಲೆಕ್ಕ ಕೇಳುವ ಅರ್ಜಿ) ಕಳಿಸಲು ಡಾಕ್ಟರ ಆಫೀಸಿಗೆ ಹೇಳಿ. ಕೋಡ್, ಹಲ್ಲಿನ ಸಂಖ್ಯೆ, ಎಕ್ಸ್‌ರೇ ನೋಡಿ ವಿಮೆಯವರು ತಮ್ಮ ಪಾಲೆಷ್ಟು, ನಿಮ್ಮದೆಷ್ಟು ಎಂದು ಬರೆದು ಕಳಿಸುತ್ತಾರೆ. ಅದು ಗ್ಯಾರಂಟಿಯಲ್ಲ, ನಡುವೆ ಮಿತಿ ಮುಗಿದರೆ ಲೆಕ್ಕ ಬದಲಾಗುತ್ತದೆ. ಆದರೂ ಇಡೀ ವ್ಯವಸ್ಥೆಯಲ್ಲಿ ವಿದ್ಯಾರ್ಥಿಯ ಕೈಗೆ ಸಿಗುವ ಅತ್ಯಂತ ಗಟ್ಟಿ ಕಾಗದ ಇದೇ. ಚಿಕಿತ್ಸೆಯನ್ನು ಮುಂದೂಡಬಹುದು ಎಂದು ಡಾಕ್ಟರು ಹೇಳಿದರೆ ಒಂದು ಭಾಗವನ್ನು ಹೊಸ ಪಾಲಿಸಿ ವರ್ಷಕ್ಕೆ ಇಟ್ಟುಕೊಳ್ಳಿ, ಎರಡು ವರ್ಷದ ಮಿತಿ ಬಳಸಿದಂತಾಗುತ್ತದೆ.

ಬಿಲ್ ಬಂದ ಕೂಡಲೇ ಕಟ್ಟಬೇಡಿ. ವಿಮೆಯವರ ಇಒಬಿ (ಯಾವುದಕ್ಕೆ ಎಷ್ಟು ಕೊಟ್ಟರು, ನಿಮ್ಮ ಪಾಲೆಷ್ಟು ಎಂಬ ವಿವರಣೆ ಪತ್ರ) ಬರಲಿ, ಎರಡನ್ನೂ ಸಾಲು ಸಾಲಾಗಿ ಹೋಲಿಸಿ. ಉದಾಹರಣೆಗೆ ಕ್ಯಾಪ್ ಜೊತೆಗಿನ ಬಿಲ್ಡಪ್ (ಕ್ಯಾಪ್ ಕೂರಿಸಲು ಹಲ್ಲಿನ ಬುಡವನ್ನು ತುಂಬಿ ಕಟ್ಟುವುದು), ಕೋಡ್ ಡಿ2950. ಅದು ಕ್ಯಾಪ್ ದರದಲ್ಲೇ ಸೇರಿದೆ, ರೋಗಿಯಿಂದ ವಸೂಲಿ ಮಾಡುವಂತಿಲ್ಲ ಎಂದು ಇಒಬಿಯಲ್ಲಿದ್ದರೆ ನೆಟ್‌ವರ್ಕಿನ ಡಾಕ್ಟರು ಆ ಸಾಲನ್ನು ತೆಗೆಯಬೇಕು. ಬರೀ 'ಕವರ್ ಆಗುವುದಿಲ್ಲ' ಎಂದಿದ್ದರೆ ಅದು ನಿಮ್ಮ ಖರ್ಚು. ತಿರಸ್ಕಾರ ತಪ್ಪೆನಿಸಿದರೆ ಇಒಬಿಯಲ್ಲಿ ಹೇಳಿದ ಗಡುವಿನೊಳಗೆ ಎಕ್ಸ್‌ರೇ, ಚಾರ್ಟ್, ಡಾಕ್ಟರ ಟಿಪ್ಪಣಿ ಸೇರಿಸಿ ಮೇಲ್ಮನವಿ ಹಾಕಿ, ಆ ಬಾಕಿಯನ್ನು ತಡೆಹಿಡಿಯುವಂತೆ ಡಾಕ್ಟರ ಬಿಲ್ಲಿಂಗ್ ವಿಭಾಗಕ್ಕೆ ಇಮೇಲ್ ಮಾಡಿ. ಫೋನಿನಲ್ಲಿ ಮಾತಾಡಿದರೆ ದಿನಾಂಕ ಮತ್ತು ಕರೆಯ ರೆಫರೆನ್ಸ್ ನಂಬರ್ ಬರೆದಿಟ್ಟುಕೊಳ್ಳಿ.