ಸ್ಟ್ರಾಸ್‌ಬರ್ಗ್, ನ್ಯೂರೆಂಬರ್ಗ್, ವಿಯೆನ್ನಾ: ಚಳಿಗಾಲದ ರಜೆಗೆ ಯಾವ ಊರು?

ಚಾಕಣದ ಕಾರು ಕಾರ್ಖಾನೆಗಳ ನಂಟಿನಿಂದ ಜರ್ಮನಿಗೆ ಹೋಗಿ, ಎರಡು ಮೂರು ವರ್ಷ ಸಂಸಾರ ಸಮೇತ ಇದ್ದು ಬರುವವರು ಪುಣೆಯ ನಮ್ಮ ಕನ್ನಡ ಬಳಗದಲ್ಲಿ ಕಡಿಮೆಯೇನಿಲ್ಲ. ದಸರೆ ಕಳೆಯುತ್ತಿದ್ದಂತೆ ಅವರಲ್ಲಿ ಯಾರಾದರೊಬ್ಬರು ಫೋನ್ ಮಾಡಿ, ಡಿಸೆಂಬರಿನಲ್ಲಿ ಊರಿನಿಂದ ಅತ್ತೆ-ಮಾವ ಬರುತ್ತಾರೆ, ಮಕ್ಕಳಿಗೂ ರಜೆ, ಎಲ್ಲಿಗೆ ಕರೆದುಕೊಂಡು ಹೋಗುವುದು ಒಳ್ಳೆಯದು ಎಂದು ಕೇಳುತ್ತಾರೆ. ಸ್ಟುಟ್‌ಗಾರ್ಟಿನಲ್ಲಿದ್ದಾಗ ನಾವು ಫ್ರಾನ್ಸಿನ ಸ್ಟ್ರಾಸ್‌ಬರ್ಗ್, ಜರ್ಮನಿಯ ನ್ಯೂರೆಂಬರ್ಗ್ ಮತ್ತು ಆಸ್ಟ್ರಿಯಾದ ವಿಯೆನ್ನಾ ಮೂರನ್ನೂ ಚಳಿಗಾಲದಲ್ಲಿಯೇ, ಧಾರವಾಡದಿಂದ ಬಂದಿದ್ದ ಅತ್ತೆ-ಮಾವನವರ ಜೊತೆಯಲ್ಲಿಯೇ ನೋಡಿದ್ದೇವೆ. ಮೂರೂ ಬೇರೆ ಬೇರೆ ದೇಶದ ಊರುಗಳಾದರೂ ಶೆಂಗೆನ್ ವೀಸಾ ಒಂದೇ ಸಾಕು, ಮೂರಕ್ಕೂ ನೇರ ರೈಲಿದೆ, ಮೂರರ ಕ್ರಿಸ್‌ಮಸ್ ಸಂತೆಯೂ ಹೆಸರುವಾಸಿ. ಆದರೆ ಫೋಟೋ ನೋಡಿ ಇವುಗಳಲ್ಲಿ ಒಂದನ್ನು ಆರಿಸುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಕೈಯಲ್ಲಿರುವ ತಾರೀಖು ಯಾವುದು, ಜೊತೆಗಿರುವವರು ಯಾರು ಎಂಬುದೇ ಇದನ್ನು ತೀರ್ಮಾನಿಸಬೇಕು.

ತಾರೀಖಿನ ವಿಷಯ ಮೊದಲು ಹೇಳುತ್ತೇನೆ. ಪುಣೆಯ ಹಲವು ಶಾಲೆಗಳಿಗೆ ರಜೆ ಸಿಗುವುದು ಕ್ರಿಸ್‌ಮಸ್ ವಾರದಲ್ಲಿ. ಆದ್ದರಿಂದ ಇಲ್ಲಿಂದ ಹೊರಡುವವರು 24ಕ್ಕೋ 25ಕ್ಕೋ ಅಲ್ಲಿ ಇಳಿಯುವಂತೆ ಟಿಕೆಟ್ ತೆಗೆಯುತ್ತಾರೆ. ಜರ್ಮನಿಯ ಸಂತೆಗಳಾದರೋ ಹಬ್ಬಕ್ಕೆ ಮುಂಚಿನ ಅಡ್ವೆಂಟ್ ವಾರಗಳಿಗೆ ಸೇರಿದವು. ಸ್ಟುಟ್‌ಗಾರ್ಟಿನ ಸಂತೆ 23ಕ್ಕೆ ಮುಗಿಯುತ್ತದೆ, ನ್ಯೂರೆಂಬರ್ಗಿನದು 24ರ ಮಧ್ಯಾಹ್ನದ ಹೊತ್ತಿಗೆ ಮುಚ್ಚುತ್ತದೆ. ಅಂದು ಮಧ್ಯಾಹ್ನದಿಂದಲೇ ಅಂಗಡಿಗಳ ಬಾಗಿಲು ಬೀಳುತ್ತದೆ. 25 ಮತ್ತು 26 ಎರಡೂ ಸಾರ್ವಜನಿಕ ರಜೆಯಾದ್ದರಿಂದ ಹಾಲು, ತರಕಾರಿ, ಔಷಧಿಗಳನ್ನೆಲ್ಲ ಮೊದಲೇ ತಂದಿಟ್ಟುಕೊಳ್ಳಬೇಕು. ಫ್ರಾನ್ಸಿನ ಉಳಿದ ಭಾಗದಲ್ಲಿ 26 ಕೆಲಸದ ದಿನವೇ ಆದರೂ, ಹಿಂದೆ ಜರ್ಮನ್ ಆಳ್ವಿಕೆ ಕಂಡಿದ್ದ ಸ್ಟ್ರಾಸ್‌ಬರ್ಗ್ ಸೀಮೆಯಲ್ಲಿ ಅಂದೂ ರಜೆ ಇರುತ್ತದೆ. ಅಲ್ಲಿಯ ಸಂತೆ ಮುಗಿಯುವ ದಿನ ವರ್ಷದಿಂದ ವರ್ಷಕ್ಕೆ ಸ್ವಲ್ಪ ಬದಲಾಗುವುದುಂಟು, ಆದರೆ ಕ್ರಿಸ್‌ಮಸ್ಸಿನ ಆಸುಪಾಸಿನಲ್ಲೇ ಮುಗಿಯುತ್ತದೆ. ವಿಯೆನ್ನಾದ ರೀತಿ ಬೇರೆ. ಅಲ್ಲಿ ನಗರಭವನದ ಮುಂದಿನ ದೊಡ್ಡ ಸಂತೆ 26ರವರೆಗೂ ನಡೆಯುತ್ತದೆ, ಷೋನ್‌ಬ್ರುನ್ ಅರಮನೆಯ ಅಂಗಳದ ಸಂತೆಯಂತೂ ಹೊಸ ವರ್ಷ ದಾಟಿಯೂ ಇರುತ್ತದೆ.

ಸ್ಟುಟ್‌ಗಾರ್ಟಿನವರಿಗೆ ಎಲ್ಲಕ್ಕಿಂತ ಹತ್ತಿರದ್ದು ಸ್ಟ್ರಾಸ್‌ಬರ್ಗ್. ವೇಗದ ರೈಲಿನಲ್ಲಿ ಒಂದೂವರೆ ತಾಸೂ ಹಿಡಿಯುವುದಿಲ್ಲ. ಖರ್ಚು ಉಳಿಸಬೇಕೆನ್ನುವವರು ಇಡೀ ಕುಟುಂಬಕ್ಕೆ ನಡೆಯುವ ರಾಜ್ಯದ ದಿನದ ಟಿಕೆಟ್ಟಿನಲ್ಲಿ ಗಡಿಯ ಕೇಲ್ ಊರಿನವರೆಗೆ ಹೋಗಿ, 2017ರಿಂದ ರೈನ್ ನದಿಯ ಮೇಲೆ ಓಡುತ್ತಿರುವ ಟ್ರಾಮ್ ಹತ್ತಬಹುದು. ಪಾಸ್‌ಪೋರ್ಟ್ ಮಾತ್ರ ಜೊತೆಗಿರಲಿ. ಇಲ್ಲಿಯ ಸಂತೆ 1570ರಿಂದ ನಡೆದುಕೊಂಡು ಬಂದಿದೆ. ಕೆಂಪು ಮರಳುಗಲ್ಲಿನ 142 ಮೀಟರ್ ಎತ್ತರದ ಕೆಥೆಡ್ರಲ್ಲಿನ ಬುಡದಲ್ಲಿ ಸಾಲುದೀಪಗಳ ಕೆಳಗೆ ನಿಂತಾಗ ನನಗೆ ನಿಜಕ್ಕೂ ಮೈ ಪುಳಕಗೊಂಡಿತು. ಬರಿಯ ಚೆಲುವನ್ನಷ್ಟೇ ನೋಡುವುದಾದರೆ ಮೂರರಲ್ಲಿ ಇದಕ್ಕೇ ಮೊದಲ ಸ್ಥಾನ. ಆದರೆ ಶನಿವಾರ ಸಂಜೆ ಆ ಓಣಿಗಳು ಗಣೇಶ ಚೌತಿಯ ಮುನ್ನಾದಿನದ ಲಕ್ಷ್ಮೀ ರಸ್ತೆಯಂತೆ ತುಂಬಿ ತುಳುಕುತ್ತವೆ. ಮೊಣಕಾಲು ನೋವಿನ ಮಾವನವರಿಗೆ ಕೂರಲು ಒಂದು ಬೆಂಚು ಸಿಗುವುದೂ ಅಲ್ಲಿ ಕಷ್ಟವಾಯಿತು. ವಾರದ ನಡುವಿನ ದಿನ ಬೆಳಿಗ್ಗೆಯೇ ಹೋಗಿ, ದೀಪ ಹಚ್ಚಿದ ಮೇಲೆ ಒಂದು ಸುತ್ತು ಹಾಕಿ ಹೊರಟುಬಿಡುವುದಾದರೆ ಮಾತ್ರ ಹಿರಿಯರನ್ನು ಇಲ್ಲಿಗೆ ಕರೆತನ್ನಿ.

ಈ ಮೂರು ಊರುಗಳಲ್ಲಿಯೂ ನಡುಹಗಲಿನಲ್ಲಿ ಗೊಂಬೆಗಳು ಹೊರಬರುವ ಗಡಿಯಾರವೊಂದಿದೆ. ಮಕ್ಕಳೊಂದಿಗೆ ಹೋಗುವವರಿಗೆ ಊರಿನ ಗುಣ ತಿಳಿಯಲು ಇದಕ್ಕಿಂತ ಒಳ್ಳೆಯ ಒರೆಗಲ್ಲು ನನಗೆ ಕಾಣಲಿಲ್ಲ. ಸ್ಟ್ರಾಸ್‌ಬರ್ಗಿನ ಖಗೋಲ ಗಡಿಯಾರ ಕೆಥೆಡ್ರಲ್ಲಿನ ಒಳಗಿದೆ. ಹನ್ನೆರಡೂವರೆಗೆ ಕ್ರಿಸ್ತನ ಮುಂದೆ ಅವನ ಶಿಷ್ಯರು ಒಬ್ಬೊಬ್ಬರಾಗಿ ಸಾಗುತ್ತಾರೆ, ಮೇಲಿರುವ ಹುಂಜ ರೆಕ್ಕೆ ಬಡಿದು ಕೂಗುತ್ತದೆ. ಯಂತ್ರವಿದ್ಯೆಯಲ್ಲಿ ಆಸಕ್ತಿಯಿರುವ ನನ್ನ ಪತಿ ಕಣ್ಣು ಮಿಟುಕಿಸದೆ ನೋಡಿದರು. ಆದರೆ ಟಿಕೆಟ್ ಪಡೆದು, ಒಳಗೆ ಬಹಳ ಹೊತ್ತು ಕಾದು ನಿಂತ ಮಗಳು ಹುಂಜ ಕೂಗುವ ಹೊತ್ತಿಗೆ ದಣಿದಿದ್ದಳು. ನ್ಯೂರೆಂಬರ್ಗಿನಲ್ಲಿ ಸಂತೆ ನಡೆಯುವ ಚೌಕದಲ್ಲೇ ಇರುವ ಚರ್ಚಿನ ಹೊರಗೋಡೆಯ ಮೇಲೆ, 1509ರ ಗಡಿಯಾರದಲ್ಲಿ, ಹನ್ನೆರಡಕ್ಕೆ ಸರಿಯಾಗಿ, ಚಕ್ರವರ್ತಿಯನ್ನು ಆರಿಸುವ ಹಕ್ಕಿದ್ದ ಏಳು ಮಂದಿ ಅರಸರು ನಾಲ್ಕನೆಯ ಕಾರ್ಲ್ ಚಕ್ರವರ್ತಿಗೆ ಪ್ರದಕ್ಷಿಣೆ ಬರುತ್ತಾರೆ. ಟಿಕೆಟ್ಟಿಲ್ಲ, ಸಾಲಿಲ್ಲ, ಅಪ್ಪನ ಹೆಗಲೇರಿದ ಮಗುವಿಗೆ ಎಲ್ಲವೂ ಕಾಣುತ್ತದೆ. ವಿಯೆನ್ನಾದ ಆಂಕರ್ ಗಡಿಯಾರ ಎರಡು ಕಟ್ಟಡಗಳ ನಡುವಿನ ಸೇತುವೆಯಂಥ ಕಮಾನಿನಲ್ಲಿದೆ. ಅಲ್ಲಿ ಮಧ್ಯಾಹ್ನ ಮಾರ್ಕಸ್ ಅರೇಲಿಯಸ್‌ನಿಂದ ಸಂಗೀತಗಾರ ಹೈಡನ್‌ವರೆಗೆ ಹನ್ನೆರಡು ಆಕೃತಿಗಳು ಸಂಗೀತದೊಂದಿಗೆ ನಿಧಾನವಾಗಿ ಹಾದುಹೋಗುತ್ತವೆ. ಹಿರಿಯರು ಎದುರಿನಲ್ಲಿ ನಿಂತು ನೆಮ್ಮದಿಯಾಗಿ ನೋಡಬಹುದು.

ಹತ್ತು ವರ್ಷದೊಳಗಿನ ಮಕ್ಕಳಿದ್ದು, 24ಕ್ಕೆ ಮೊದಲು ಬಿಡುವು ಮಾಡಿಕೊಳ್ಳಬಲ್ಲವರಾದರೆ ನ್ಯೂರೆಂಬರ್ಗಿಗೇ ಹೋಗಿ ಎಂದು ನಾನು ಒತ್ತಾಯಿಸಿಯೇ ಹೇಳುತ್ತೇನೆ. ರೈಲಿನಲ್ಲಿ ಎರಡು ತಾಸಿನ ಆಸುಪಾಸು. ಅಡ್ವೆಂಟಿನ ಮೊದಲ ಭಾನುವಾರಕ್ಕೆ ಹಿಂದಿನ ಶುಕ್ರವಾರ, ಚಿನ್ನದ ಕಿರೀಟ ಧರಿಸಿದ ಊರಿನ ಹುಡುಗಿಯೊಬ್ಬಳು ಚರ್ಚಿನ ಮಹಡಿಯಲ್ಲಿ ನಿಂತು ಸಂತೆಯನ್ನು ಉದ್ಘಾಟಿಸುತ್ತಾಳೆ. ಎರಡು ವರ್ಷಕ್ಕೊಮ್ಮೆ ಆ ಪಟ್ಟಕ್ಕೆ ಹೊಸಬಳನ್ನು ಆರಿಸುತ್ತಾರೆ. ಪಕ್ಕದಲ್ಲೇ ಮಕ್ಕಳಿಗಾಗಿ ಪ್ರತ್ಯೇಕ ಸಂತೆಯಿದ್ದು, ಅಲ್ಲಿ ತಿರುಗುವ ಕುದುರೆಗಳೂ ಪುಟ್ಟ ಉಗಿಬಂಡಿಯೂ ಇರುವುದರಿಂದ ದೊಡ್ಡವರ ನೂಕುನುಗ್ಗಲು ಅವರನ್ನು ಮುಟ್ಟುವುದಿಲ್ಲ. ಕೆಂಪು-ಬಿಳಿ ಪಟ್ಟೆಯ ಬಟ್ಟೆ ಹೊದಿಸಿದ ಒಂದು ಅಂಗಡಿಯಲ್ಲಿ ಒಣಗಿದ ಪ್ಲಮ್ ಹಣ್ಣುಗಳನ್ನು ತಂತಿಗೆ ಪೋಣಿಸಿ ಕೈಕಾಲು ಮಾಡಿ, ಅಕ್ರೋಟಿಗೆ ಕಣ್ಣು-ಬಾಯಿ ಬರೆದು ತಲೆ ಕೂರಿಸಿದ ಗೊಂಬೆಗಳಿದ್ದವು. ಅವುಗಳಲ್ಲಿ ಬಡಗಿ, ಅಂಚೆಯವ, ಹೆಣಿಗೆ ಹಿಡಿದ ಅಜ್ಜಿ ಎಂದು ಬಗೆಬಗೆಯವರು. ದಸರೆಯ ಗೊಂಬೆಗಳ ಸಾಲಿಗೆ ಸೇರಿಸಬೇಕೆಂದು ಅತ್ತೆಯವರು ಆ ಅಜ್ಜಿಯನ್ನು ಕೊಂಡರು. ಪ್ರತಿ ವರ್ಷವೂ ಅದು ನಮ್ಮ ಕೊತ್ರೂಡಿನ ಮನೆಯ ಗೊಂಬೆಗಳ ನಡುವೆ ಕೂರುತ್ತದೆ.

ಊಟದ ವಿಷಯದಲ್ಲಿ ಶಾಕಾಹಾರಿಗಳಿಗೆ ನ್ಯೂರೆಂಬರ್ಗ್ ಸ್ವಲ್ಪ ಬಿಗಿ. ಎಲ್ಲಿ ನೋಡಿದರೂ ಕಿರುಬೆರಳಷ್ಟು ಸಾಸೇಜುಗಳ ಹೊಗೆ, ಹೆಸರಾಂತ ಲೆಬ್‌ಕೂಖೆನ್ ಸಿಹಿಯಲ್ಲಿಯೂ ಮೊಟ್ಟೆ. ಪ್ರತಿ ಅಂಗಡಿಯ ಮುಂದೆಯೂ ಅತ್ತೆಯವರು, “ಇದರಾಗ ತತ್ತಿ ಹಾಕ್ಯಾರೇನು, ಕೇಳವಾ” ಎನ್ನುತ್ತಿದ್ದರು. ಸುಟ್ಟ ಚೆಸ್ಟ್‌ನಟ್, ಸಕ್ಕರೆ ಪಾಕದಲ್ಲಿ ಹುರಿದ ಬಾದಾಮಿ, ಮದ್ಯವಿಲ್ಲದ ಬಿಸಿ ಹಣ್ಣಿನ ಪಾನಕ, ಇವು ಮೂರೂ ಊರುಗಳಲ್ಲಿ ನಿಶ್ಚಿಂತೆಯಿಂದ ಕೊಳ್ಳಬಹುದಾದವು. ಪಾನಕದ ಮಗ್ಗಿಗೆ ಕೊಟ್ಟ ಠೇವಣಿಯನ್ನು ಮಗ್ ಹಿಂದಿರುಗಿಸಿ ಪಡೆಯಲು ಮರೆಯಬೇಡಿ. ವಿಯೆನ್ನಾದ ಚೆಸ್ಟ್‌ನಟ್ ಗಾಡಿಗಳಲ್ಲಿ ಹುರಿದ ಆಲೂಗಡ್ಡೆಯೂ ಸಿಗುತ್ತದೆ. ನಮ್ಮ ಹಿರಿಯರಿಗೆ ಅದು ಬಹಳ ಹಿಡಿಸಿತು.

ವಿಯೆನ್ನಾ ದೂರದ ಊರು. ಸ್ಟುಟ್‌ಗಾರ್ಟಿನಿಂದ ರೈಲಿನಲ್ಲಿ ಆರು ತಾಸಿಗೂ ಮೇಲಾಗುತ್ತದೆ, ವರ್ಷಾಂತ್ಯಕ್ಕೆ ಹೋಟೆಲ್ ದರವೂ ಏರುತ್ತದೆ. ಡಿಸೆಂಬರಿನಲ್ಲಿ ಅಲ್ಲಿ ನಾಲ್ಕು ಗಂಟೆ ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ, ಸ್ಟ್ರಾಸ್‌ಬರ್ಗಿಗಿಂತ ಸುಮಾರು ಅರ್ಧ ತಾಸು ಮೊದಲು. ಆದರೂ ಕ್ರಿಸ್‌ಮಸ್ಸಿನ ನಂತರದ ವಾರಕ್ಕೆ ಅದಕ್ಕೆ ಸಾಟಿಯಿಲ್ಲ, ಏಕೆಂದರೆ ಕತ್ತಲಾದ ಮೇಲೂ ಬೆಚ್ಚಗೆ ಒಳಗೆ ಕೂರಲು ಅಲ್ಲಿ ಬೇಕಾದಷ್ಟು ಜಾಗಗಳಿವೆ. ಕಲೆ ಮತ್ತು ಪ್ರಕೃತಿ ವಿಜ್ಞಾನದ ಎರಡು ದೊಡ್ಡ ಮ್ಯೂಸಿಯಂಗಳು ಎದುರುಬದುರಾಗಿವೆ, ಹತ್ತೊಂಬತ್ತರ ಒಳಗಿನವರಿಗೆ ಎರಡರಲ್ಲೂ ಪ್ರವೇಶ ಉಚಿತ. ಕಾಫಿ ಮನೆಗಳಲ್ಲಿ ಕಾಫಿಯ ಜೊತೆ ಒಂದು ಲೋಟ ನೀರು ತಂದಿಟ್ಟು, ಎಷ್ಟು ಹೊತ್ತು ಕುಳಿತರೂ ಏಳಿ ಎನ್ನುವುದಿಲ್ಲ. ಮಾವನವರು ರಜೆಯ ಅತ್ಯುತ್ತಮ ಗಳಿಗೆಗಳನ್ನು ಕಳೆದದ್ದು ಅಲ್ಲಿಯೇ. ವರ್ಷದ ಕೊನೆಯ ದಿನಗಳಲ್ಲಿ ಬೀದಿಯುದ್ದಕ್ಕೂ ಪುಟ್ಟ ಹಂದಿ, ನಾಲ್ಕೆಲೆಯ ಸೊಪ್ಪು, ಹೊಗೆಗೂಡು ಗುಡಿಸುವವನ ಗೊಂಬೆಗಳನ್ನು ಶುಭದ ಗುರುತೆಂದು ಮಾರುತ್ತಾರೆ. ನಡುರಾತ್ರಿ ಸಂತ ಸ್ಟೀಫನ್ನರ ಕೆಥೆಡ್ರಲ್ಲಿನ ದೊಡ್ಡ ಗಂಟೆ ಮೊಳಗಿದ ಕೂಡಲೇ ಡಾನ್ಯೂಬ್ ವಾಲ್ಟ್ಸ್ ಕೇಳಿಬರುತ್ತದೆ, ಅಪರಿಚಿತರು ಕೈಹಿಡಿದು ಬೀದಿಯಲ್ಲೇ ಕುಣಿಯುತ್ತಾರೆ. ಆ ರಾತ್ರಿಯೆಲ್ಲ ಮೆಟ್ರೊ ಓಡುವುದರಿಂದ ಮಲಗಿದ ಮಗುವನ್ನು ಎತ್ತಿಕೊಂಡು ಹೋಟೆಲಿಗೆ ಮರಳುವುದು ಕಷ್ಟವಲ್ಲ.

ನನ್ನ ನಾದಿನಿಯ ಕುಟುಂಬ ಈ ಸಲ 26ಕ್ಕೆ ಫ್ರಾಂಕ್‌ಫರ್ಟಿನಲ್ಲಿ ಇಳಿಯಲಿದೆ. ಅವರಿಗೆ ವಿಯೆನ್ನಾವನ್ನೇ ಹೇಳಿದ್ದೇನೆ. ರೈಲಿನ ಹುಚ್ಚಿರುವ ಆಕೆಯ ಮಗ ಮಾತ್ರ ನ್ಯೂರೆಂಬರ್ಗ್ ಬೇಕೆಂದು ಹಟ ಹಿಡಿದಿದ್ದಾನೆ. ಜರ್ಮನಿಯ ಮೊದಲ ಉಗಿರೈಲು 1835ರಲ್ಲಿ ಅಲ್ಲಿಂದ ಫ್ಯೂರ್ತ್‌ಗೆ ಓಡಿತ್ತು, ಊರಿನಲ್ಲಿ ರೈಲ್ವೆ ಮ್ಯೂಸಿಯಂ ಕೂಡ ಇದೆ. ಫ್ರಾಂಕ್‌ಫರ್ಟಿನಿಂದ ವಿಯೆನ್ನಾಕ್ಕೆ ಹೋಗುವ ನೇರ ರೈಲು ನ್ಯೂರೆಂಬರ್ಗ್ ಮೇಲೆಯೇ ಹಾಯುವುದರಿಂದ, ಅಲ್ಲೊಂದು ರಾತ್ರಿ ತಂಗಿ, ಮ್ಯೂಸಿಯಂ ತೆರೆದಿರುವ ದಿನ ನೋಡಿಕೊಂಡು ಹುಡುಗನಿಗೆ ತೋರಿಸಿ, ಮುಂದಿನ ರೈಲು ಹಿಡಿಯಲಿ ಎಂದು ಸೂಚಿಸಿದ್ದೇನೆ. ಸಂತೆ ಆಗ ಇರುವುದಿಲ್ಲವೆಂದು ಅವನಿಗೆ ಮೊದಲೇ ತಿಳಿಸಿಡಬೇಕು.