ಸೋಯಾ ಬಿಡಿಸಲು ಯಾವ ಕಿಣ್ವ: ನಾಲ್ಕು ಪಾತ್ರೆ, ಒಂದು ಗಾಣ

ಧಾರವಾಡದಲ್ಲಿ ನಮ್ಮದೊಂದು ಸಣ್ಣ ಸೋಯಾ ಹಾಲಿನ ಘಟಕವಿದೆ. ಘಟಕ ಎನ್ನುವುದು ಸ್ವಲ್ಪ ದೊಡ್ಡ ಮಾತಾಯಿತು. ಹಿತ್ತಿಲಿನ ಎರಡು ಕೋಣೆ, ಒಂದು ದೊಡ್ಡ ಗ್ರೈಂಡರ್, ನಾನು, ನನ್ನ ಅತ್ತೆ ಮತ್ತು ಬೆಳಿಗ್ಗೆ ಬರುವ ಒಬ್ಬ ಹುಡುಗಿ. ದಿನಕ್ಕೆ ಹತ್ತು ಕಿಲೋ ಕಾಳು ನೆನೆಯುತ್ತದೆ, ಹಾಲಾಗುತ್ತದೆ, ಅದರಲ್ಲಿ ಅರ್ಧ ಟೋಫು, ಅಂದರೆ ಸೋಯಾ ಪನೀರ್, ಆಗುತ್ತದೆ. ಬಟ್ಟೆಯಲ್ಲಿ ಹಿಂಡಿ ಉಳಿದ ಹಿಪ್ಪೆಯನ್ನು ಪಕ್ಕದ ಓಣಿಯ ಹಸುವಿನವರು ಬಕೆಟ್ಟಿನಲ್ಲಿ ಒಯ್ಯುತ್ತಾರೆ. ಆ ಹಿಪ್ಪೆಯನ್ನು ಒಣಗಿಸಿದರೆ ಅದರಲ್ಲಿ ಇನ್ನೂ ಕಾಲು ಭಾಗದಷ್ಟು ಪ್ರೋಟೀನ್, ಹತ್ತನೇ ಒಂದು ಭಾಗದಷ್ಟಾದರೂ ಎಣ್ಣೆ ಇರುತ್ತದೆ ಎಂದು ತಿಳಿದ ದಿನದಿಂದ ಆ ಬಕೆಟ್ಟು ನನ್ನ ಕಣ್ಣು ಚುಚ್ಚತೊಡಗಿತು.

ಒಣ ಸೋಯಾ ಕಾಳಿನಲ್ಲಿ ನೂರಕ್ಕೆ ಸುಮಾರು 40 ಭಾಗ ಪ್ರೋಟೀನ್, 20 ಭಾಗ ಎಣ್ಣೆ, ಉಳಿದದ್ದರಲ್ಲಿ ಹೆಚ್ಚಿನದು ನಾರು ಮತ್ತು ಸಕ್ಕರೆಗಳು. ಈ ಮೂರನ್ನೂ ಬೇರೆ ಬೇರೆ ಮಾಡಿಕೊಳ್ಳಬೇಕು. ದೊಡ್ಡ ಕಾರ್ಖಾನೆಗಳು ಕಾಳನ್ನು ಅವಲಕ್ಕಿಯಂತೆ ತಟ್ಟಿ ಹೆಕ್ಸೇನ್ ಎಂಬ ದ್ರಾವಕದಲ್ಲಿ ತೊಳೆಯುತ್ತವೆ. ಉಳಿದ ಹಿಂಡಿಯಲ್ಲಿ ಎಣ್ಣೆ ನೂರಕ್ಕೆ ಒಂದು ಭಾಗವೂ ಇರುವುದಿಲ್ಲ. ಆದರೆ ಹೆಕ್ಸೇನ್ 69 ಡಿಗ್ರಿಗೆ ಕುದಿಯುತ್ತದೆ, ಅದರ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ಎಲ್ಲೋ ಇರುವ ಕಿಡಿಯನ್ನು ಹುಡುಕಿಕೊಂಡು ಹೋಗುತ್ತದೆ. ಹಿತ್ತಿಲಿನ ಕೋಣೆಯಲ್ಲಿ ಅದರ ಹೆಸರೆತ್ತುವುದೂ ಬೇಡ. ಹೀಗಾಗಿ ನನಗೆ ಉಳಿದದ್ದು ಗಾಣ, ನೀರು ಮತ್ತು ಕಿಣ್ವ.

ಗಾಣದ ಸಂಗತಿಯನ್ನು ಮೊದಲು ಮುಗಿಸಿಬಿಡುತ್ತೇನೆ. ಮೈದುನನ ಊರಿನಲ್ಲಿ ಕುಸುಬೆ, ಶೇಂಗಾ ಹಿಂಡುವ ಯಂತ್ರದ ಗಾಣವಿದೆ. ಐದು ಕಿಲೋ ಸೋಯಾ ಒಯ್ದು ಕೊಟ್ಟೆ. ಗಾಣದವರು ಕಾಳನ್ನು ಅಂಗೈಯಲ್ಲಿ ಉರುಳಿಸಿ ನೋಡಿ, "ಇದರಲ್ಲಿ ಏನು ಬರುತ್ತದೆ ಅಕ್ಕಾವ್ರೆ?" ಎಂದರು. ಅರ್ಧ ಲೀಟರಿಗೂ ಸ್ವಲ್ಪ ಕಡಿಮೆ ಬಂತು. ಐದು ಕಿಲೋದಲ್ಲಿ ಒಂದು ಕಿಲೋ ಎಣ್ಣೆ ಇದೆ ಎಂದು ಲೆಕ್ಕ ಹಾಕಿಕೊಂಡು ಹೋದವಳಿಗೆ ಸೋಲು ಎನಿಸಿದ್ದು ನಿಜ. ಆದರೂ ಗಾಣದ ಒಂದು ಗುಣವನ್ನು ಆಗ ನಾನು ಗಮನಿಸಲಿಲ್ಲ: ಅಲ್ಲಿ ಬಂದ ಎಣ್ಣೆ ಎಣ್ಣೆಯಾಗಿಯೇ ಬಂತು. ಎರಡು ದಿನ ಡಬ್ಬಿಯಲ್ಲಿಟ್ಟು ತಿಳಿ ಬಗ್ಗಿಸಿಕೊಂಡರೆ ಮುಗಿಯಿತು. ಈ ಸುಖ ಎಷ್ಟು ದೊಡ್ಡದು ಎಂಬುದು ಮುಂದೆ ತಿಳಿಯಿತು.

ಸೋಯಾ ಕಾಳಿನ ಜೀವಕೋಶದೊಳಗೆ ಎಣ್ಣೆ ಅರ್ಧ ಮೈಕ್ರಾನಿನ ಆಸುಪಾಸಿನ ಹನಿಗಳಾಗಿ ಕೂತಿರುತ್ತದೆ. ಪ್ರತಿ ಹನಿಗೂ ಓಲಿಯೋಸಿನ್ ಎಂಬ ಪ್ರೋಟೀನಿನ ಅಂಗಿ. ಸುತ್ತ ಪ್ರೋಟೀನಿನ ಗುಳಿಗೆಗಳು. ಎಲ್ಲಕ್ಕೂ ಹೊರಗೆ ಪೆಕ್ಟಿನ್ ಎಂಬ ಅಂಟು ಹೆಚ್ಚಾಗಿರುವ ಕೋಶಭಿತ್ತಿ, ಅಂದರೆ ಗೋಡೆ. ಹಾಗಾದರೆ ಗೋಡೆ ಒಡೆಯುವ ಕಿಣ್ವ ಬೇಕೋ, ಅಂಗಿ ಹರಿಯುವ ಕಿಣ್ವ ಬೇಕೋ? ಎರಡನ್ನೂ ತರಿಸಿದೆ. ಪಪ್ಪಾಯಿಯ ಪಪೇನ್ ಪುಡಿ. ಬ್ಯಾಸಿಲಸ್ ಲೈಕೆನಿಫಾರ್ಮಿಸ್ ಎಂಬ ಸೂಕ್ಷ್ಮಜೀವಿಯಿಂದ ತೆಗೆಯುವ, ಆಲ್ಕಲೇಸ್ ಎಂಬ ಹೆಸರಿನಲ್ಲಿ ಪ್ರಸಿದ್ಧವಾದ ಕ್ಷಾರೀಯ ಪ್ರೋಟಿಯೇಸ್. ಪ್ರೋಟಿಯೇಸ್ ಎಂದರೆ ಪ್ರೋಟೀನ್ ಕಡಿಯುವ ಕಿಣ್ವ, ಪಪೇನೂ ಅದೇ ಜಾತಿಯದು. ಹಣ್ಣಿನ ರಸದವರು ಬಳಸುವ, ಗೋಡೆ ಒಡೆಯುವ ಪೆಕ್ಟಿನೇಸ್ ಮತ್ತು ಸೆಲ್ಯುಲೇಸ್ ಮಿಶ್ರಣ. ಒಂದು ಎಚ್ಚರಿಕೆ ಇಲ್ಲಿಯೇ ಹೇಳಬೇಕು: ಕ್ಷಾರೀಯ ಪ್ರೋಟಿಯೇಸ್ ಬಟ್ಟೆ ಸೋಪಿನ ಪುಡಿಗೂ ಹೋಗುತ್ತದೆ. ಆ ದರ್ಜೆಯ ಮಾಲು ಅಗ್ಗ, ಆದರೆ ಆಹಾರಕ್ಕಲ್ಲ. ಕೊಳ್ಳುವಾಗ ಆಹಾರ ದರ್ಜೆ ಎಂದು ಬರೆದಿರುವುದನ್ನೇ ಕೇಳಿ ಪಡೆಯಬೇಕು.

ನಾಲ್ಕು ಪಾತ್ರೆ, ಒಂದೊಂದಕ್ಕೂ ಸಿಪ್ಪೆ ತೆಗೆದು ಗ್ರೈಂಡರಿನಲ್ಲಿ ಅರೆದ ಅರ್ಧ ಕಿಲೋ ಕಾಳು, ಐದು ಲೀಟರ್ ನೀರು. 50ರಿಂದ 55 ಡಿಗ್ರಿಯಲ್ಲಿ ಮೂರು ಗಂಟೆ. ಶಾಖ ಹಿಡಿದಿಡಲು ಮದುವೆ ಅಡುಗೆಯವರು ಅನ್ನ ತುಂಬುವ ಹಾಟ್‌ಬಾಕ್ಸ್ ಬಾಡಿಗೆಗೆ ತಂದೆ. ಕೊನೆಗೆ ಎಲ್ಲವನ್ನೂ ಕುದಿಸಿದೆ. ಕಿಣ್ವ ನಿಲ್ಲಬೇಕು ಎಂಬುದು ಒಂದು ಕಾರಣ, ಹಸಿ ಸೋಯಾದಲ್ಲಿ ಜೀರ್ಣಕ್ರಿಯೆಗೆ ಅಡ್ಡಿ ಮಾಡುವ ಟ್ರಿಪ್ಸಿನ್ ನಿರೋಧಕ 55 ಡಿಗ್ರಿಗೆ ಜಗ್ಗುವುದಿಲ್ಲ ಎಂಬುದು ಇನ್ನೊಂದು. ಸೋಸಿ, ಹಿಪ್ಪೆಯನ್ನು ಬಿಸಿಲಿಗೆ ಒಣಗಿಸಿ ತೂಗಿದೆ. ಹಿಪ್ಪೆ ಕಡಿಮೆಯಾದಷ್ಟೂ ಹೆಚ್ಚು ಸರಕು ನೀರಿಗೆ ಬಂದಿದೆ ಎಂದು ಅರ್ಥ. ಇದು ಪ್ರಯೋಗಾಲಯದ ಲೆಕ್ಕವಲ್ಲ, ಅಡುಗೆಮನೆಯ ತಕ್ಕಡಿಯ ಲೆಕ್ಕ.

ಬರೀ ನೀರಿನ ಪಾತ್ರೆ ನಮ್ಮ ದಿನದ ಕೆಲಸವೇ. 160 ಗ್ರಾಂ ಹಿಪ್ಪೆ. ಹಾಲು ಚೆನ್ನಾಗಿತ್ತು, ಎಣ್ಣೆ ಎಂದು ಕರೆಯುವಂಥದ್ದು ಏನೂ ಕಾಣಲಿಲ್ಲ.

ಪಪೇನ್ ಪಾತ್ರೆ ತಮಾಷೆಯಾಗಿತ್ತು. ಹಸಿರು ಪಪ್ಪಾಯಿಯ ಮೈಗೆ ಗೀರು ಹಾಕಿ ಇಳಿಸಿದ ಹಾಲನ್ನು ಒಣಗಿಸಿದರೆ ಪಪೇನ್. ಅದಕ್ಕೆ ಒದಗಲಿ ಎಂದು ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯದವರು ಕೋ-2, ಕೋ-5 ಎಂಬ ತಳಿಗಳನ್ನು ಕೊಟ್ಟಿದ್ದಾರೆ. ಎರಡು ಗ್ರಾಂ ಪುಡಿ ಕದಡಿ ಮುಚ್ಚಿಟ್ಟೆ. ಇಪ್ಪತ್ತು ನಿಮಿಷಕ್ಕೆ ತೆಗೆದು ನೋಡಿದರೆ ಸೌಟು ನಿಲ್ಲುವಷ್ಟು ಗಟ್ಟಿ, ಮೊಸರಿನ ಹಾಗೆ. ಕೆಟ್ಟೇ ಹೋಯಿತು ಎಂದುಕೊಂಡೆ. ಪಪೇನ್ ಸೋಯಾ ಹಾಲನ್ನು ಮೊದಲು ಹೆಪ್ಪುಗಟ್ಟಿಸುತ್ತದೆ, ಆಮೇಲೆ ಅದೇ ಹೆಪ್ಪನ್ನು ತಾನೇ ಕಡಿದು ತೆಳುವಾಗಿಸುತ್ತದೆ. ಎರಡನೇ ಗಂಟೆಗೆ ಮತ್ತೆ ನೀರಾಗಿತ್ತು. ಹಿಪ್ಪೆ 120 ಗ್ರಾಂ. ಪಪೇನಿನ ದೊಡ್ಡ ಅನುಕೂಲವೆಂದರೆ ಅದು ಹುಳಿ, ಕ್ಷಾರ ಎಂದು ಹಟ ಮಾಡುವುದಿಲ್ಲ. ಸೋಯಾ ನೀರು ತಾನಾಗಿಯೇ ಇರುವ ಹುಳಿ-ಕ್ಷಾರದ ಅಳತೆಯಲ್ಲಿ, ಅಂದರೆ ಪಿಎಚ್‌ನಲ್ಲಿ ಕೆಲಸ ಮಾಡುತ್ತದೆ, 60 ಡಿಗ್ರಿ ದಾಟಿದರೂ ಬೇಗ ಸಾಯುವುದಿಲ್ಲ.

ಕ್ಷಾರೀಯ ಪ್ರೋಟಿಯೇಸ್‌ಗೆ ಪಿಎಚ್ 8ರ ಹತ್ತಿರ ಬೇಕು. ಅಡುಗೆ ಸೋಡಾ ಸಾಕಾಯಿತು. ಆದರೆ ಪ್ರೋಟೀನ್ ತುಂಡಾಗುತ್ತಿದ್ದಂತೆ ಪಿಎಚ್ ಕೆಳಗಿಳಿಯುತ್ತದೆ. ಅರ್ಧ ಗಂಟೆಗೊಮ್ಮೆ ಮುಚ್ಚಳ ತೆಗೆದು, ಪಿಎಚ್ ಪಟ್ಟಿ ಅದ್ದಿ, ಇನ್ನೊಂದು ಚಿಟಿಕೆ ಹಾಕುತ್ತಾ ಕಾದೆ. ಹಿಪ್ಪೆ 95 ಗ್ರಾಂ. ಬಟ್ಟೆಯಲ್ಲಿ ಹಿಂಡುವಾಗಲೇ ಗೊತ್ತಾಯಿತು, ಜಿಗಿ ಇರಲಿಲ್ಲ, ನೆನೆದ ಮರದ ಪುಡಿಯ ಹಾಗೆ ಬಿಡಿಬಿಡಿಯಾಗಿತ್ತು. ನೀರಿನ ಮೇಲೆ ಹಳದಿ ಕೆನೆ ದಪ್ಪಗೆ ಕಟ್ಟಿತ್ತು. ಗೆದ್ದೆ ಎಂದು ಒಂದು ಚಮಚ ಬಾಯಿಗೆ ಹಾಕಿಕೊಂಡೆ. ಮೊದಲು ಏನೂ ಇಲ್ಲ, ನಂತರ ನಾಲಿಗೆಯ ಬುಡದಲ್ಲಿ ಹಾಗಲಕಾಯಿಯನ್ನು ಮೀರಿಸುವ ಕಹಿ, ಎರಡು ಲೋಟ ನೀರು ಕುಡಿದರೂ ಹೋಗದಂಥದ್ದು. ಪ್ರೋಟೀನಿನ ಒಡಲೊಳಗೆ ಮಡಚಿಕೊಂಡು ಅಡಗಿದ್ದ ಜಲವಿರೋಧಿ ತುಂಡುಗಳು ಕತ್ತರಿಸಿದಾಗ ಹೊರಬಂದು ನಾಲಿಗೆಗೆ ತಗಲುವುದೇ ಈ ಕಹಿ. ಪಪೇನ್ ನೀರಿನಲ್ಲೂ ಕಹಿ ಇತ್ತು, ಸಹಿಸಬಹುದಾದಷ್ಟು. ಹಸುವಿನ ಮುಂದೆಯೂ ಎರಡನ್ನು ಇಟ್ಟು ನೋಡಿದೆವು. ಪಪೇನಿನದನ್ನು ಕುಡಿಯಿತು. ಇನ್ನೊಂದನ್ನು ಮೂಸಿ, ಬಾಲ ಬೀಸಿ, ಮುಖ ತಿರುಗಿಸಿತು.

ಗೋಡೆ ಒಡೆಯುವ ಮಿಶ್ರಣದಲ್ಲಿ ನಾನು ಮಾಡಿದ ತಪ್ಪನ್ನು ಬೇರೆಯವರು ಮಾಡಬಾರದು. ಪೆಕ್ಟಿನೇಸ್‌ಗೆ ಹುಳಿ ಬೇಕು, ಪಿಎಚ್ 4.5ರ ಸುತ್ತ. ಲಿಂಬೆ ಹಿಂಡಿದೆ. ಸೋಯಾ ಪ್ರೋಟೀನ್ ನೀರಿನಲ್ಲಿ ಅತಿ ಕಡಿಮೆ ಕರಗುವುದೂ ಸರಿಯಾಗಿ ಅಲ್ಲಿಯೇ! ಗೋಡೆ ಒಡೆಯಿತು, ಒಳಗಿದ್ದವರು ಹೊರಗೆ ಬರಲಿಲ್ಲ. ಮೊದಲ ಸಲದ ಹಿಪ್ಪೆ ಬರೀ ನೀರಿನದಕ್ಕಿಂತ ಹೆಚ್ಚು ತೂಗಿತು. ಎರಡನೇ ಸಲ ಹುಳಿಯಲ್ಲಿ ಎರಡು ಗಂಟೆ ಬಿಟ್ಟು, ಆಮೇಲೆ ಸೋಡಾ ಹಾಕಿ ಪಿಎಚ್ 8ಕ್ಕೆ ಏರಿಸಿ ಒಂದು ಗಂಟೆ ಕಲಕಿದೆ. ಆಗ 110 ಗ್ರಾಂ. ಕಹಿ ಇಲ್ಲವೇ ಇಲ್ಲ, ಸ್ವಲ್ಪ ಸಿಹಿಯೇ. ಪ್ರೋಟೀನ್ ಕಡಿಯದೆ ಇಡಿಯಾಗಿ ಉಳಿದಿರುವುದರಿಂದ ಕಿಣ್ವ ಹಾಕಿದವುಗಳಲ್ಲಿ ಇದೊಂದರಿಂದಲೇ ಆಮೇಲೆ ಟೋಫು ಕಟ್ಟಲು ಬಂತು. ಪ್ರೋಟಿಯೇಸ್ ಹಾಕಿದ ಎರಡೂ ಪಾತ್ರೆಗಳಲ್ಲಿ ಟೋಫುವಿನ ಆಸೆ ಬಿಡಬೇಕು. ಎಷ್ಟು ಮೆಗ್ನೀಷಿಯಂ ಉಪ್ಪು ಸುರಿದರೂ ಒಂದಿಷ್ಟು ಚೂರು ತೇಲುತ್ತದೆ, ಅಷ್ಟೇ.

ಇಷ್ಟೆಲ್ಲ ಆದಮೇಲೆ ಒಂದು ಕಿರಿಕಿರಿಯ ಸಂಗತಿ ಹೊರಬಿತ್ತು. ಅದೇ ಪಪೇನ್, ಅದೇ ಪ್ರಮಾಣ, ಆದರೆ ಗ್ರೈಂಡರ್ ಬದಲು ಮಿಕ್ಸರಿನಲ್ಲಿ ತರಿತರಿಯಾಗಿ ಅರೆದಾಗ ಹಿಪ್ಪೆ 175 ಗ್ರಾಂ. ಕಿಣ್ವವೇ ಇಲ್ಲದ, ನುಣ್ಣಗೆ ಅರೆದ ಪಾತ್ರೆಗಿಂತ ಹೆಚ್ಚು! ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದವರು ನೀರು ಮತ್ತು ಪ್ರೋಟಿಯೇಸ್‌ನಿಂದ ನೂರಕ್ಕೆ 95ರ ಆಸುಪಾಸು ಎಣ್ಣೆ ಬಿಡಿಸಿದ್ದಾರೆ. ಅವರೂ ಕಾಳನ್ನು ಮೊದಲು ತಟ್ಟಿ, ಬಿಸಿ ಮತ್ತು ಒತ್ತಡದಲ್ಲಿ ಎಕ್ಸ್‌ಟ್ರೂಡರಿನಿಂದ ಹಾಯಿಸಿ ಗೋಡೆಗಳನ್ನು ಚಿಂದಿ ಮಾಡಿಕೊಂಡೇ ಕಿಣ್ವ ಹಾಕುತ್ತಾರೆ. ನನ್ನಲ್ಲಿ ಎಕ್ಸ್‌ಟ್ರೂಡರ್ ಇಲ್ಲ. ಗ್ರೈಂಡರಿನಲ್ಲಿ ನಲವತ್ತು ನಿಮಿಷ, ಇಡ್ಲಿ ಹಿಟ್ಟಿಗಿಂತ ನುಣ್ಣಗೆ, ಅದೇ ನನ್ನ ಎಕ್ಸ್‌ಟ್ರೂಡರ್.

ಇನ್ನು ಎಣ್ಣೆ. ಅವರು ಎಣ್ಣೆ "ಬಿಡಿಸಿದ್ದಾರೆ" ಎಂದೆನಲ್ಲ, ಆ ಮಾತಿನಲ್ಲೇ ಎಲ್ಲ ಇದೆ. ಹಿಪ್ಪೆಯಿಂದ ಬಿಟ್ಟ ಎಣ್ಣೆ ನೀರಿಗೆ ಬರುತ್ತದೆ, ಬಂದದ್ದು ಕೆನೆಯಾಗಿ ಕೂರುತ್ತದೆ, ಕೆನೆ ಒಡೆಯುವುದಿಲ್ಲ. ಎರಡು ದಿನ ಫ್ರಿಜ್ಜಿನಲ್ಲಿಟ್ಟೆ, ಕೆನೆ ಕೆನೆಯಾಗಿಯೇ ಇತ್ತು. ಕಾಯಿಸಿದೆ, ಉಕ್ಕಿತು. ಕಾಲು ಗಂಟೆ ಮಿಕ್ಸರಿನಲ್ಲಿ ತಿರುಗಿಸಿದ್ದು ಎಲ್ಲಕ್ಕಿಂತ ಕೆಟ್ಟ ಉಪಾಯ. ಹನಿಗಳು ಇನ್ನೂ ಸಣ್ಣದಾಗಿ ಮಜ್ಜಿಗೆ ಹುಳಿಯಂತೆ ಬೆರೆತುಹೋಯಿತು. ಅಷ್ಟು ಹೊತ್ತು ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅತ್ತೆ, "ಬೆಣ್ಣೆ ಬರಬೇಕಾದರೆ ತಣ್ಣೀರು ಹಾಕುತ್ತಾರವ್ವ, ನೀನು ಕಾಯಿಸುತ್ತಾ ಕೂತಿದ್ದೀಯಲ್ಲ" ಎಂದರು.

ಅದೇ ಸರಿಯಾದ ದಾರಿ ತೋರಿಸಿತು. ಹೊಸ ಕೆನೆಗೆ ಲಿಂಬೆರಸ ಹಾಕಿ ಪಿಎಚ್ 4.5ಕ್ಕೆ ಇಳಿಸಿ, ಇಡೀ ರಾತ್ರಿ ಫ್ರೀಜರಿನಲ್ಲಿ ಕಲ್ಲಾಗಿಸಿ, ಬೆಳಿಗ್ಗೆ ಬಿಸಿನೀರಿನ ಪಾತ್ರೆಯಲ್ಲಿ ಕರಗಿಸಿದೆ. ಮಂಜು ಹರಳುಗಟ್ಟುವಾಗ ಹನಿಗಳನ್ನು ಒಂದರ ಮೈಮೇಲೊಂದು ಒತ್ತಿ ಅವುಗಳ ಅಂಗಿ ಹರಿಯುತ್ತದೆ. ಗಾಜಿನ ಲೋಟದಲ್ಲಿ ಮೊದಲು ಅಂಚಿನ ಸುತ್ತ ಒಂದು ಹಳದಿ ಗೆರೆ ಕಂಡಿತು. ಗೆರೆ ಉಂಗುರವಾಯಿತು, ಉಂಗುರ ತುಂಬಿ ತಟ್ಟೆಯಾಯಿತು. ಸಿರಿಂಜಿನಿಂದ ಎಳೆದು ಅಳೆದಾಗ ಕ್ಷಾರೀಯ ಪ್ರೋಟಿಯೇಸ್ ಕೆನೆಯಿಂದ 38 ಮಿಲಿಲೀಟರ್, ಪಪೇನ್ ಕೆನೆಯಿಂದ 22, ಗೋಡೆ ಮಿಶ್ರಣದ್ದರಿಂದ 9. ಕೊನೆಯದರಲ್ಲಿ ಎಣ್ಣೆ ಹೊರಗೆ ಬಂದಿರಲಿಲ್ಲ ಎಂದಲ್ಲ, ಹನಿಗಳ ಅಂಗಿಯನ್ನು ಯಾರೂ ಮುಟ್ಟದ್ದರಿಂದ ಅವು ಒಂದಾಗಲು ಒಪ್ಪಲಿಲ್ಲ. ಅರ್ಧ ಕಿಲೋ ಕಾಳಿನಲ್ಲಿರುವುದು ನೂರು ಗ್ರಾಂ ಎಣ್ಣೆ. ಅತ್ಯುತ್ತಮ ಪಾತ್ರೆಯಲ್ಲಿ ಕೈಗೆ ಸಿಕ್ಕದ್ದು ಮೂರನೇ ಒಂದು ಭಾಗ. ಗಾಣವೇ ಅಷ್ಟಕ್ಕಿಂತ ಸ್ವಲ್ಪ ಹೆಚ್ಚು ಕೊಟ್ಟಿತ್ತು, ಫ್ರೀಜರಿನ ಕರೆಂಟು ಸುಡದೆ. ಹಾಗಾಗಿ ಎಣ್ಣೆಗಾಗಿಯೇ ಈ ದಾರಿ ಹಿಡಿಯುವವರಿಗೆ ನಾನು ಬೇಡ ಎನ್ನುತ್ತೇನೆ. ಆದರೆ ಗಾಣದ ಹಿಂಡಿಯಲ್ಲಿ ಪ್ರೋಟೀನು ಶಾಖಕ್ಕೆ ಬೆಂದು ನೀರಿಗೆ ಬರಲು ಮುನಿಸಿಕೊಳ್ಳುತ್ತದೆ. ಎಣ್ಣೆ ಮತ್ತು ಪ್ರೋಟೀನು ಎರಡೂ ಬೇಕೆನ್ನುವವರಿಗಷ್ಟೇ ಕಿಣ್ವದ ತಲೆನೋವು ತಕ್ಕದ್ದು.

ನಮ್ಮ ಕೋಣೆಯಲ್ಲಿ ಈಗ ನಡೆಯುವುದು ಹೀಗೆ. ಹಾಲು ಮತ್ತು ಟೋಫುವಿಗೆ ಯಾವ ಕಿಣ್ವವೂ ಇಲ್ಲ, ಬರೀ ನೀರು. ವಾರಕ್ಕೆರಡು ಸಲ ಆ ದಿನದ ಹಿಪ್ಪೆಯನ್ನು ಮತ್ತೊಮ್ಮೆ ಗ್ರೈಂಡರಿಗೆ ಹಾಕಿ, ಪಪೇನ್ ಬೆರೆಸಿ ಹಾಟ್‌ಬಾಕ್ಸಿನಲ್ಲಿಡುತ್ತೇನೆ. ಕ್ಷಾರೀಯ ಪ್ರೋಟಿಯೇಸ್ ಹೆಚ್ಚು ಎಳೆಯುತ್ತದೆ ಎಂಬುದು ಗೊತ್ತಿದ್ದೂ ಪಪೇನ್ ಆರಿಸಿದ್ದು ಕಹಿಯ ಭಯಕ್ಕೆ. ಸೋಸಿದ ನೀರನ್ನು ಅರ್ಧಕ್ಕೆ ಕುದಿಸಿ ಇಳಿಸಿ, ಸಾರಿನ ಪುಡಿ ಸೇರಿಸಿ ಸೂಪಿನಂತೆ ಮಾಡಿದರೆ ಜಿಮ್ಮಿಗೆ ಹೋಗುವ ಎರಡು ಮೂರು ಹುಡುಗರು ಕೊಳ್ಳುತ್ತಾರೆ. ಹೊಟ್ಟೆಯಲ್ಲಿ ವಾಯು ತರುವ ಸ್ಟಾಕಿಯೋಸ್, ರಾಫಿನೋಸ್ ಸಕ್ಕರೆಗಳು ಪಪೇನಿಗೆ ಬಗ್ಗುವುದಿಲ್ಲ, ನೀರಿನಲ್ಲೇ ಉಳಿದಿರುತ್ತವೆ ಎಂಬುದನ್ನು ಅವರಿಗೆ ಮೊದಲೇ ಹೇಳಿಯೇ ಕೊಡುತ್ತೇನೆ.

38 ಮಿಲಿಲೀಟರ್ ಎಣ್ಣೆಯ ಸೀಸೆ ಇನ್ನೂ ಅಡುಗೆಮನೆಯ ಮಾಡದಲ್ಲಿದೆ. ಹಸಿ ಕಾಳಿನ ವಾಸನೆ ಹೋಗಿಲ್ಲ ಎಂದು ಅತ್ತೆ ಒಗ್ಗರಣೆಗೆ ಮುಟ್ಟಲು ಬಿಟ್ಟಿಲ್ಲ. ಗ್ರೈಂಡರಿನ ಕೀಲು ಕಿರುಗುಟ್ಟಿದಾಗ ಎರಡು ಹನಿ ಬಿಡುತ್ತೇನೆ.